ಮೂವತ್ತು ಸಾಕ್ಷಿ ಸಹಿಗಳು

ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಓದಮ್ಮನಿಗೆ ಅಪ್ಪನ ಜಗಲಿ ನೆನಪಾಗುತ್ತಿತ್ತು. ಬರೀ ಸೀಮೆಎಣ್ಣೆಯಲ್ಲ, ಅದರೊಳಗೆ ಸ್ಟ್ಯಾಂಪ್ ಪ್ಯಾಡಿನ ನೇರಳೆ ಮಸಿಯ ಒಗರೂ ಸೇರಿರಬೇಕು. ಅಪ್ಪ ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ಪಾಲುಪತ್ರ ಬರೆದುಕೊಡುತ್ತಿದ್ದರು. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಿದ ಮೇಲೆ ಮಸಿಯ ಬೆರಳನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಕಂಬಕ್ಕೋ ತಲೆಗೂದಲಿಗೋ ಉಜ್ಜಿಕೊಳ್ಳುವರು. ಅದನ್ನು ನೋಡಿದರೆ ಅಪ್ಪನಿಗೆ ತಡೆಯುತ್ತಿರಲಿಲ್ಲ. ಅದಕ್ಕೆಂದೇ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರುಗಳನ್ನು ಗಾಜಿನ ಜಾಡಿಯಲ್ಲಿ ಇಟ್ಟಿರುತ್ತಿದ್ದರು. ಬೆರಳು ಒರೆಸಿಕೊಡುವ ಕೆಲಸ ಏಳು ವರ್ಷದ ಮಗಳದು.

ಅಪ್ಪನಿಗೆ ಒಂದು ಹಟವಿತ್ತು. ಪತ್ರವನ್ನು ಗಟ್ಟಿಯಾಗಿ ಓದಿ ಮುಗಿಸಿ, ಹೆಬ್ಬೆಟ್ಟು ಒತ್ತುವವನನ್ನು ಕೇಳುವರು: "ಈಗ ನೀನು ನನಗೆ ಹೇಳು. ಇದರಲ್ಲಿ ಏನಿದೆ?" ಆತ ತಡವರಿಸಿದರೆ ಮತ್ತೆ ಮೊದಲಿನಿಂದ ಓದುವರು. ಪತ್ರ ಬರೆಸಿದ ಯಜಮಾನ ಒಂದು ದಿನ ತಾಳ್ಮೆಗೆಟ್ಟು, "ಎಷ್ಟು ಸಲ ಓದ್ತೀರಿ? ಹೆಬ್ಬೆಟ್ಟು ತಾನೇ, ಒತ್ತಿಸಿ ಕಳಿಸಿ," ಅಂದ. ಅಪ್ಪ ಪ್ಯಾಡಿನ ಮುಚ್ಚಳ ಹಾಕಿಬಿಟ್ಟರು. "ನಿಮ್ಮ ಸಹಿಗಿಂತ ಇವನ ಹೆಬ್ಬೆಟ್ಟು ಭಾರ ಸ್ವಾಮಿ. ನಾಳೆ ನೀವು ಈ ಸಹಿ ನಂದಲ್ಲ ಅಂತ ವಾದ ಮಾಡಬಹುದು. ಇವನು ಮಾಡೋ ಹಾಗಿಲ್ಲ."

ಇಂಥ ಅಪ್ಪನ ಮಗಳು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮೂವತ್ತು ಖಾಲಿ ಹಾಳೆಗಳಿಗೆ ಸಾಕ್ಷಿ ಸಹಿ ಹಾಕಿ ಕೊಟ್ಟಳು. ಅದೂ ಕರುಣೆಯಿಂದ.

ಓದಮ್ಮ ಎಂಬುದು ಆಸ್ಪತ್ರೆಯವರು ಇಟ್ಟ ಹೆಸರು. ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತಳಾಗಿ, ಒಬ್ಬಳೇ ಆರಾಮವಾಗಿದ್ದವಳನ್ನು ಅಲ್ಲಿಗೆ ಕರೆದವನು ತಂಗಿಯ ಮಗ. ದೊಡ್ಡ ಆಸ್ಪತ್ರೆಯಲ್ಲಿ ಕೀಲುನೋವಿನ ಡಾಕ್ಟರು. ಬೆರಳಿನ ಗೆಣ್ಣು, ಮಣಿಕಟ್ಟು ಊದಿಕೊಳ್ಳುವ ಕಾಯಿಲೆಗೆ ಒಂದು ಹೊಸ ಮಾತ್ರೆ ಬಂದಿತ್ತು. ಅದು ನಿಜಕ್ಕೂ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವ ಅಧ್ಯಯನವನ್ನು ಅವನು ನಡೆಸುತ್ತಿದ್ದ. ಸೇರುವವರಿಗೆ ಓದಲು ಬಾರದಿದ್ದರೆ ಒಪ್ಪಿಗೆ ಪತ್ರವನ್ನು ಸಾಕ್ಷಿಯ ಎದುರು ಓದಿ ಹೇಳಬೇಕು. 'ಓದಿದ್ದಾಯಿತು, ಅರ್ಥವಾಯಿತು, ಸ್ವಂತ ಮನಸ್ಸಿನಿಂದ ಒಪ್ಪಿದರು' ಎಂದು ಸಾಕ್ಷಿ ಸಹಿ ಹಾಕಬೇಕು. ಅದು ನಿಯಮ.

"ದೊಡ್ಡಮ್ಮಾ, ನಿಮ್ಮಂಥವರನ್ನ ದೀಪ ಹಚ್ಚಿ ಹುಡುಕಿದ್ರೂ ಸಿಗಲ್ಲ," ಅಂದಿದ್ದ ಅವನು. "ವಾರಕ್ಕೆ ಮೂರು ದಿನ ಬನ್ನಿ. ನೀವೇ ಓದಿ, ನೀವೇ ಸಾಕ್ಷಿ. ನಿಮ್ಮ ಧ್ವನಿಗೆ ಜನ ಹೆದರಲ್ಲ."

ಓದಮ್ಮ ಹಿಗ್ಗಿದಳು. ಹಲ್ಲು ಬರುವಾಗ ರಚ್ಚೆ ಹಿಡಿದು ಅಳುತ್ತಿದ್ದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಾಡಿದ್ದು ಇವಳೇ. ಆ ಕೂಸು ಈಗ ಬಿಳಿ ಕೋಟು ತೊಟ್ಟು 'ನೀವು ಬೇಕು' ಅನ್ನುತ್ತಿದೆ ಎಂದರೆ ಯಾರಿಗೆ ತಾನೇ ಸಂತೋಷವಾಗದು?

ಕೆಲಸವೂ ಹಿಡಿಸಿತು. ಒಪ್ಪಿಗೆ ಪತ್ರ ಹತ್ತು ಪುಟ. ಒಂದೊಂದು ವಾಕ್ಯವೂ ರೈಲಿನಷ್ಟು ಉದ್ದ. 'ಯಾರಿಗೆ ಯಾವ ಮಾತ್ರೆ ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗುವುದು' ಎಂಬಲ್ಲಿ ಅವಳು ಹಾಳೆ ಕೆಳಗಿಟ್ಟು ಬಿಡಿಸಿ ಹೇಳುತ್ತಿದ್ದಳು. "ಚೀಟಿ ಎತ್ತಿದ ಹಾಗೆ. ಅರ್ಧ ಜನಕ್ಕೆ ಹೊಸ ಮಾತ್ರೆ, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ. ನೋಡೋಕೆ ಎರಡೂ ಒಂದೇ. ನಿಮಗೆ ಯಾವುದು ಬಂತು ಅಂತ ನಿಮಗೂ ಗೊತ್ತಾಗಲ್ಲ, ಡಾಕ್ಟರಿಗೂ ಗೊತ್ತಾಗಲ್ಲ."

ಒಬ್ಬ ಮುದುಕ ಇದನ್ನು ಕೇಳಿ ಎದ್ದೇಬಿಟ್ಟಿದ್ದ. "ಡಾಕ್ಟರಿಗೇ ಗೊತ್ತಾಗದಿದ್ರೆ ನಾನ್ಯಾಕೆ ಬಸ್ ಹತ್ತಿ ಬರ್ಲಿ ತಾಯಿ? ಏನೂ ಗೊತ್ತಿಲ್ಲದೋರು ನಮ್ಮನೇಲೇ ಬೇಕಾದಷ್ಟು ಜನ ಇದ್ದಾರೆ." ಓದಮ್ಮ ನಕ್ಕು, ಆತನ ಕೋಲು ಎತ್ತಿಕೊಟ್ಟು, ಬಾಗಿಲ ತನಕ ಬಿಟ್ಟು ಬಂದಳು. ಬೇಡ ಎಂದವರನ್ನು ಬಾಗಿಲ ತನಕ ಬಿಟ್ಟು ಬರುವುದೂ ಕೆಲಸದ ಒಂದು ಭಾಗವೆಂದು ಅವಳು ತಿಳಿದಿದ್ದಳು.

ತಪ್ಪಾದದ್ದು ಒಂದು ಮಧ್ಯಾಹ್ನ. ಮನೆಗೆ ಹೊರಡಲು ಚೀಲ ಕೈಗೆತ್ತಿಕೊಂಡಿದ್ದಳು. ಆಸ್ಪತ್ರೆಯ ಲಾಂಡ್ರಿಯಿಂದ ಕೀಲುನೋವಿದ್ದ ಮೂವತ್ತು ಮಂದಿ ಹೆಂಗಸರು ಅಧ್ಯಯನಕ್ಕೆಂದು ಸಾಲಾಗಿ ಬಂದು ಕಾರಿಡಾರಿನಲ್ಲಿ ನಿಂತರು. ಬೆಳಗ್ಗೆ ಆರರಿಂದ ನೀರಿನಲ್ಲಿ ನಿಂತು ಹಾಸಿಗೆಯ ಹೊದಿಕೆ, ಆಪರೇಷನ್ನಿನ ನಿಲುವಂಗಿ ಒಗೆದವರು. ಪಾದಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಕೂರಲು ಒಂದೇ ಒಂದು ಬೆಂಚು. ಇದ್ದವರಲ್ಲಿ ಹಿರಿಯಳನ್ನು ಎಲ್ಲರೂ ಸೇರಿ ಬಲವಂತವಾಗಿ ಅದರ ಮೇಲೆ ಕೂರಿಸಿದರು. ಅದನ್ನು ನೋಡಿಯೇ ಓದಮ್ಮನ ಮನಸ್ಸು ಕರಗಿತು.

"ಒಬ್ಬೊಬ್ಬರಿಗೂ ಓದಿ ಹೇಳ್ತಾ ಕೂತ್ರೆ ಇವತ್ತು ಇವರು ಮನೆ ಸೇರಿದ ಹಾಗೇ," ಅಂದಳು ಅಧ್ಯಯನದ ನರ್ಸು. "ಅಮ್ಮಾ, ನೀವು ಸಹಿ ಹಾಕಿಟ್ಟು ಹೋಗಿ. ನಾಳೆ ಲಾಂಡ್ರಿಗೇ ಹೋಗಿ ನಿಧಾನವಾಗಿ ಓದಿ ಹೇಳಿ ಹೆಬ್ಬೆಟ್ಟು ತಗೋತೀನಿ. ಪಾಪ, ನಿಂತು ನಿಂತು ಸಾಕಾಗಿದೆ ಇವರಿಗೆ."

ಆ 'ಪಾಪ' ಎಂಬ ಮಾತು ಓದಮ್ಮನ ಕೈ ಹಿಡಿದು ಸಹಿ ಹಾಕಿಸಿತು. ಹೆಬ್ಬೆಟ್ಟಿನ ಜಾಗ ಇನ್ನೂ ಖಾಲಿಯಿದ್ದ ಮೂವತ್ತು ಹಾಳೆ. ದುಂಡಗಿನ ಅಕ್ಷರದಲ್ಲಿ, ಒಂದು ಗೆರೆ ಆಚೀಚೆ ಆಗದ ಹಾಗೆ. ಹೆಂಗಸರು ಖುಷಿಯಿಂದ ಮನೆಗೆ ಹೋದರು. ತಾನು ಒಳ್ಳೆಯದೊಂದು ಮಾಡಿದೆನೆಂಬ ತೃಪ್ತಿಯಿಂದ ಓದಮ್ಮನೂ ಹೋದಳು.

ಆರು ವಾರ ಕಳೆದಿರಬೇಕು. ಮೆಟ್ಟಿಲ ಬಳಿ ಯಾರೋ "ಓದಮ್ಮಾ" ಎಂದು ಕೂಗಿದರು. ತಿರುಗಿ ನೋಡಿದರೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಹೆಂಗಸು, ಅಲ್ಲಿ ಎಲ್ಲರೂ ಇಸ್ತ್ರಿಯಕ್ಕ ಎಂದು ಕರೆಯುವವಳು. ಮಡಿಸಿದ ಹೊದಿಕೆಗಳ ಗಾಡಿಯನ್ನು ಮೊಣಕೈಯಿಂದ ತಳ್ಳಿಕೊಂಡು ಬರುತ್ತಿದ್ದಳು.

"ಮೊಣಕೈಯಲ್ಲಿ ಯಾಕೆ ತಳ್ತೀಯಮ್ಮ?"

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀವೇ ನೋಡಿ." ಎರಡೂ ಕೈ ಮುಂದೆ ಚಾಚಿದಳು. ಗೆಣ್ಣುಗಳು ನೆಲ್ಲಿಕಾಯಿಯ ಹಾಗೆ ಊದಿ ಕೆಂಪಗೆ ಮಿರುಗುತ್ತಿದ್ದವು. ಬೆರಳುಗಳು ಮಡಿಸಲು ಬಾರದೆ ಅರ್ಧಕ್ಕೇ ನಿಂತಿದ್ದವು. "ಇಸ್ತ್ರಿಪೆಟ್ಟಿಗೆ ಎರಡು ಕೈಲೂ ಹಿಡಿಯೋಕಾಗಲ್ಲ. ಹೋದ ವಾರ ಒಂದು ಕೋಟಿನ ತೋಳು ಸುಟ್ಟೆ. ಅದಕ್ಕೇ ಮೇಸ್ತ್ರಿ ಗಾಡಿ ತಳ್ಳೋಕೆ ಹಾಕಿದ್ದಾನೆ. ಬೆಳಿಗ್ಗೆ ತಲೆ ಬಾಚೋಕೂ ಸೊಸೆಯನ್ನ ಕರೀಬೇಕು. ಮೊದಲು ಹೀಗಿರಲಿಲ್ಲ ಕಣಮ್ಮ. ಹಳದಿ ಮಾತ್ರೆ ತಗೋತಿದ್ದೆ, ಹೇಗೋ ನಡೀತಿತ್ತು. ಅದನ್ನ ನಿಲ್ಲಿಸಿ ಈ ಬಿಳಿ ಮಾತ್ರೆ ಕೊಟ್ಟರು."

"ಆಗಲ್ಲ ಅಂತ ಹೇಳಿ ಬಿಟ್ಟುಬಿಡಬೇಕಿತ್ತು!"

"ಹೇಳ್ದೆ. ಹೆಬ್ಬೆಟ್ಟು ಒತ್ತಿಯಾಯ್ತಲ್ಲ, ಆರು ತಿಂಗಳು ಬಿಡೋ ಹಾಗಿಲ್ಲ ಅಂದ್ರು ನರ್ಸಮ್ಮ. ಬಿಟ್ಟರೆ ಈ ಆಸ್ಪತ್ರೇಲಿ ಹಳದಿ ಮಾತ್ರೇನೂ ಸಿಗಲ್ಲವಂತೆ." ಇಸ್ತ್ರಿಯಕ್ಕ ಸುತ್ತ ಒಮ್ಮೆ ನೋಡಿ ಧ್ವನಿ ತಗ್ಗಿಸಿದಳು. "ನೀವು ಓದಿದೋರು. ನನ್ನ ಹಾಳೆ ಮೇಲೆ ನಿಮ್ಮ ಸಹಿನೂ ಇದೆಯಂತೆ. ಓದಮ್ಮನೇ ಸಾಕ್ಷಿ ಹಾಕಿದ್ದಾರೆ, ಇನ್ನೇನು ಅಂದ್ರು ಅವರು. ಅದಕ್ಕೇ ಕೇಳ್ತಿದ್ದೀನಿ. ಒಂದು ಮಾತು ಹೇಳಿ ನನ್ನನ್ನ ಬಿಡಿಸಿಕೊಡಿ. ನಿಮಗೆ ಪುಣ್ಯ ಬರುತ್ತೆ."

ಓದಮ್ಮ ಮೆಟ್ಟಿಲ ಮೇಲೇ ಕೂತಳು, ಇಸ್ತ್ರಿಯಕ್ಕನನ್ನೂ ಪಕ್ಕದಲ್ಲಿ ಕೂರಿಸಿದಳು.

"ಆ ಪತ್ರದಲ್ಲಿ ಏನಿದೆ ಅಂತ ನಿನಗೆ ಗೊತ್ತಿರೋದನ್ನ ನನಗೆ ಹೇಳು."

"ಯಾವ ಪತ್ರ?"

"ಹೆಬ್ಬೆಟ್ಟು ಒತ್ತಿದ್ಯಲ್ಲ, ಅದು."

"ಅದಾ? ಕೀಲುನೋವಿಗೆ ಹೊಸ ಔಷಧಿ ಬಂದಿದೆ, ಲಾಂಡ್ರಿಯವರೆಲ್ಲ ತಗೋಬೇಕು ಅಂತ ಮೇಸ್ತ್ರಿ ಪಟ್ಟಿ ಓದಿದ. ನನ್ನ ಹೆಸರು ಹನ್ನೆರಡನೇದು. ಹೋದೆ, ಒತ್ತಿದೆ. ಮಷೀನು ಓಡ್ತಿತ್ತು, ನರ್ಸಮ್ಮ ಏನೋ ಅಂದ್ರು, ಕೇಳಿಸಲಿಲ್ಲ."

"ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆ ಕೊಡ್ತಾರೆ ಅಂತ ಹೇಳಿದ್ರಾ?"

ಇಸ್ತ್ರಿಯಕ್ಕ ಯಾರನ್ನೂ ಬಯ್ಯದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಔಷಧಿ ಇಲ್ಲದ್ದನ್ನ ಯಾಕಮ್ಮ ಕೊಡ್ತಾರೆ? ನಾನು ದಿನಾ ಎರಡು ಹೊತ್ತು ನೀರು ಕುಡಿದು ನುಂಗ್ತಿದ್ದೀನಲ್ಲ?"

ಎಪ್ಪತ್ತೊಂದು ವರ್ಷದಲ್ಲಿ ಓದಮ್ಮನಿಗೆ ಅಂಥ ಸಿಟ್ಟು ಬಂದದ್ದಿಲ್ಲ. ಮೊದಲು ತನ್ನ ಮೇಲೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ ತಾನೇ. ಆಮೇಲೆ ಎಲ್ಲರ ಮೇಲೆ.

ನೇರವಾಗಿ ನರ್ಸಿನ ಕೋಣೆಗೆ ಹೋಗಿ ಇಸ್ತ್ರಿಯಕ್ಕನ ಫೈಲು ಕೇಳಿದಳು. ಕೊನೆಯ ಪುಟದಲ್ಲಿ ಹರಡಿಹೋದ ಒಂದು ಹೆಬ್ಬೆಟ್ಟು, ಪಕ್ಕದಲ್ಲಿ ದುಂಡಗೆ ತನ್ನ ಸಹಿ. ತಾರೀಕು ಬೇರೆ ಯಾರದೋ ಕೈಬರಹದಲ್ಲಿತ್ತು. ಆ ದಿನ ಓದಮ್ಮ ಹಲ್ಲು ಕೀಳಿಸಿಕೊಂಡು ಮನೆಯಲ್ಲಿ ಮಲಗಿದ್ದಳು.

"ನಿಧಾನವಾಗಿ ಓದಿ ಹೇಳ್ತೀನಿ ಅಂದಿದ್ದೆಯಲ್ಲ?"

ನರ್ಸು ತಲೆ ತಗ್ಗಿಸಿದಳು. "ವಾರದೊಳಗೆ ಮೂವತ್ತು ಜನ ತುಂಬಬೇಕು ಅಂತ ಸರ್ ಹೇಳಿದ್ರು. ನಾನೇನು ಮಾಡ್ಲಿ ಅಮ್ಮಾ? ಅವರೂ ಏನೂ ಕೇಳಲಿಲ್ಲ."

"ಕೇಳೋಕೆ ಏನು ಕೇಳಬೇಕು ಅಂತಾದ್ರೂ ಗೊತ್ತಿರಬೇಕಲ್ಲ!"

ಅಲ್ಲಿಂದ ಅವಳು ಹೋದದ್ದು ಆಸ್ಪತ್ರೆಯ ಗ್ರಂಥಾಲಯಕ್ಕೆ. ಹಳೆಯ ಅಭ್ಯಾಸ, ಮನಸ್ಸು ಕೆಟ್ಟಾಗ ಪುಸ್ತಕದಲ್ಲಿ ಏನಿದೆ ನೋಡಬೇಕು. ಮನುಷ್ಯರ ಮೇಲೆ ನಡೆಸುವ ಅಧ್ಯಯನದ ನಿಯಮಗಳ ಪುಸ್ತಕ ಬೇಕೆಂದಾಗ ಅಲ್ಲಿದ್ದ ಹುಡುಗಿ ಏಣಿ ಹತ್ತಿ ತೆಗೆದು, ಧೂಳು ಒರೆಸಿ, ಕಿಟಕಿಯ ಬಳಿ ಕುರ್ಚಿ ಎಳೆದು ಹಾಕಿದಳು. ಮೂರು ವರ್ಷದಲ್ಲಿ ಆ ಪುಸ್ತಕವನ್ನು ಯಾರೂ ಕೇಳಿರಲಿಲ್ಲವಂತೆ. ಎರಡು ಗಂಟೆ ಓದಿದಳು. ಸೇರಿದವರು ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಟ್ಟುಹೋಗಬಹುದು. ಅದಕ್ಕಾಗಿ ಅವರ ಚಿಕಿತ್ಸೆ ನಿಲ್ಲಬಾರದು. ಇದು ಅವಳಿಗೆ ಗೊತ್ತಿತ್ತು. ಮೇಲಿನವರ ಮಾತಿಗೆ ಹೆದರುವ ಕೆಲಸಗಾರರನ್ನು ಪಟ್ಟಿ ಮಾಡಿ ಸೇರಿಸಬಾರದು. ಇದು ಅರ್ಧ ಗೊತ್ತಿತ್ತು. ಮೂರನೆಯದು ಗೊತ್ತಿರಲಿಲ್ಲ: ಸಾಕ್ಷಿಯಾದವರು ಅಧ್ಯಯನ ನಡೆಸುವವರ ನೆಂಟರಾಗಿರಬಾರದು.

ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ತಂಗಿಯ ಮಗನ ಕೋಣೆಗೆ ಹೋದಳು.

"ಬನ್ನಿ ದೊಡ್ಡಮ್ಮಾ, ಕಾಫಿ ತರಿಸ್ಲಾ?"

"ಕಾಫಿ ಇರ್ಲಿ. ನಾನು ನಿನಗೆ ಏನಾಗಬೇಕು?"

ಅವನು ನಕ್ಕ. "ಇದೇನು ಪ್ರಶ್ನೆ? ಅಮ್ಮನಿಗಿಂತ ಹೆಚ್ಚು."

"ಹಾಗಿದ್ರೆ ನನ್ನನ್ನ ಯಾಕೆ ಸಾಕ್ಷಿ ಮಾಡಿದೆ?" ಪುಸ್ತಕ ತೆರೆದು ಮೇಜಿನ ಮೇಲಿಟ್ಟಳು. ಅವನು ನೋಡಲಿಲ್ಲ. ಅವನಿಗೆ ಬಾಯಿಪಾಠವಿತ್ತು ಎಂಬುದು ಅದರಿಂದಲೇ ತಿಳಿಯಿತು.

"ದೊಡ್ಡಮ್ಮಾ, ಇವೆಲ್ಲ ಕಾಗದದ ಮೇಲಿನ ಮಾತು. ಹೊರಗಿನವರು ಸಿಗಲ್ಲ. ಸಿಕ್ಕರೂ ನೂರು ತಕರಾರು ತೆಗೀತಾರೆ."

"ನಾನು ತೆಗೆಯಲ್ಲ ಅಂತ ಕರೆದೆ."

"ನೀವು ನಂಬ್ತೀರಿ ಅಂತ ಕರೆದೆ," ಅಂದ. ಅಂದ ಮೇಲೆ ಅವನಿಗೇ ಮುಜುಗರವಾಯಿತು.

ಇಸ್ತ್ರಿಯಕ್ಕನ ಕೈಗಳ ವಿಷಯ ಹೇಳಿದಳು. ಅವನು ಹುಬ್ಬು ಗಂಟಿಕ್ಕಿ ಕೇಳಿ, ಪೆನ್ನು ತೆಗೆದು, ಒಂದು ಚೀಟಿ ಬರೆದ. "ಆಯ್ತು, ಇವರನ್ನ ಬಿಟ್ಟುಬಿಡೋಣ. ಹಳೇ ಔಷಧಿ ಇವತ್ತೇ ಶುರು ಮಾಡ್ಲಿ. ಸಮಾಧಾನ ಆಯ್ತಾ? ಇಲ್ಲಿಗೆ ಮುಗಿಸೋಣ."

ಚೀಟಿಯನ್ನು ಓದಮ್ಮ ತೆಗೆದುಕೊಂಡಳು. ಅದನ್ನು ಬಿಡುವ ಹಾಗಿರಲಿಲ್ಲ. ಆದರೆ ಏಳಲಿಲ್ಲ.

"ಇನ್ನು ಇಪ್ಪತ್ತೊಂಬತ್ತು ಜನ?"

"ಅವರು ಯಾರೂ ದೂರು ಕೊಟ್ಟಿಲ್ಲ."

"ಮೆಟ್ಟಿಲ ಮೇಲೆ ಸಿಗದವರೆಲ್ಲ ಸುಖವಾಗಿದ್ದಾರೆ ಅಂತಲಾ?"

ಅವನ ಮುಖ ಬಿಗಿಯಿತು. "ಎರಡು ವರ್ಷದ ಕೆಲಸ ಇದು. ಈ ಮಾತ್ರೆ ಗೆದ್ದರೆ ಸಾವಿರಾರು ಜನಕ್ಕೆ ಕೈ ಬರುತ್ತೆ. ಇದೇ ಥರ ಕೈ ಇರೋ ಸಾವಿರಾರು ಹೆಂಗಸರಿಗೆ. ಅದು ನಿಮಗೆ ಕಾಣಲ್ವಾ?"

"ಕಾಣುತ್ತೆ. ಸಾವಿರ ಜನಕ್ಕೆ ಒಳ್ಳೇದಾಗ್ಲಿ ಅಂತ ಆಕೆ ತನ್ನ ಕೈ ಮುಂದೆ ಚಾಚಬಹುದು. ಅದು ಆಕೆ ದೊಡ್ಡತನ. ಆಕೆಗೆ ಗೊತ್ತಿಲ್ಲದ ಹಾಗೆ ನೀನು ಹಿಡಿದು ಎಳೆದುಕೊಂಡರೆ ಅದಕ್ಕೆ ಏನಂತಾರೆ? ನೀನೇ ಹೇಳು, ನೀನು ಓದಿದೋನು."

"ಸಹಿ ಹಾಕಿದ್ದು ನೀವು ದೊಡ್ಡಮ್ಮಾ," ಅಂದ ಅವನು ಮೆಲ್ಲಗೆ. "ಎಲ್ಲಾದರೂ ಹೇಳೋಕೆ ಹೋದ್ರೆ ಮೊದಲು ಸಿಕ್ಕಿಬೀಳೋರು ನೀವು."

"ಗೊತ್ತು ಕಣಪ್ಪ. ಉಪ್ಪು ತಿಂದಿದ್ದೀನಿ, ನೀರು ಕುಡಿಯೋಕೇ ಹೊರಟಿದ್ದೀನಿ."

ಮಾರನೆಯ ಬೆಳಗ್ಗೆ ಅವಳು ನೆಲಮಾಳಿಗೆಯ ಲಾಂಡ್ರಿಗೆ ಇಳಿದಳು. ಹಬೆ, ಸೋಡಾಪುಡಿಯ ಘಾಟು, ಆಳೆತ್ತರದ ಮಷೀನುಗಳ ಗಡಗಡ. ಮೇಸ್ತ್ರಿ ಓಡಿಬಂದ.

"ಏನಮ್ಮಾ, ಇಲ್ಲಿಗೆ?"

"ಮಷೀನು ನಿಲ್ಲಿಸಪ್ಪ. ಒಂದು ಗಂಟೆ ಓದೋದಿದೆ."

"ಹಾಂ? ನಾಲ್ಕನೇ ವಾರ್ಡಿಗೆ ಹತ್ತೂವರೆಗೆ ಹೊದಿಕೆ ಹೋಗಬೇಕು! ಮೇಲಿನವರ ಚೀಟಿ ಇದೆಯಾ?"

"ಇವರ ಹೆಸರಿನ ಪಟ್ಟಿ ಓದಿದಾಗ ನಿನ್ನ ಹತ್ತಿರ ಯಾರ ಚೀಟಿ ಇತ್ತು?"

ಅಷ್ಟರಲ್ಲಿ ಆ ದಿನ ಬೆಂಚಿನ ಮೇಲೆ ಕೂತಿದ್ದ ಹಿರಿಯ ಹೆಂಗಸು ಹೋಗಿ ಕೆಂಪು ಗುಂಡಿ ಒತ್ತಿದಳು. ಒಂದು ಮಷೀನು ನಿಂತಿತು. ಇನ್ನೊಬ್ಬಳು ಇನ್ನೊಂದರದು ಒತ್ತಿದಳು. ಗಡಗಡ ಶಬ್ದ ಒಂದೊಂದಾಗಿ ಇಳಿದು, ಕೊಳವೆಯಿಂದ ನೀರು ತೊಟ್ಟಿಕ್ಕುವುದು ಕೇಳಿಸುವಷ್ಟು ಮೌನವಾಯಿತು. ಯಾರೋ ಒಂದು ಪ್ಲಾಸ್ಟಿಕ್ ತೊಟ್ಟಿಯನ್ನು ಬೋರಲು ಹಾಕಿ, ಮೇಲೆ ಮಡಿಸಿದ ಹೊದಿಕೆ ಹಾಸಿ, "ಕೂತು ಓದಿ ಅಮ್ಮಾ, ಕಾಲು ನೋಯುತ್ತೆ," ಅಂದಳು.

ಓದಮ್ಮ ಮೊದಲು ಓದಿದ್ದು ಪತ್ರವನ್ನಲ್ಲ. "ಈ ಹಾಳೆಗಳಿಗೆ ನಾನು ನಿಮಗೆ ಒಂದು ಸಾಲೂ ಓದಿ ಹೇಳದೆ ಸಹಿ ಹಾಕಿದೆ. ಅದು ಸುಳ್ಳು ಸಾಕ್ಷಿ. ತಪ್ಪು ನಂದು," ಅಂದಳು. ಆಮೇಲೆ ಹತ್ತು ಪುಟವನ್ನೂ ಬಿಡಿಸಿ ಬಿಡಿಸಿ ಓದಿದಳು. ಔಷಧಿಯಿಲ್ಲದ ಮಾತ್ರೆಯ ವಿಷಯ ಬಂದಾಗ ಗುಜುಗುಜು ಎದ್ದಿತು. "ಅದಕ್ಕೇ ನನಗೆ ಏನೂ ಆಗ್ತಿಲ್ಲ!" ಅಂದಳೊಬ್ಬಳು. "ನಿನಗೆ ಮಾತ್ರೆ ಯಾವುದಾದ್ರೇನು, ನಾಲಿಗೆಗೆ ಮಾತ್ರ ಬಾವು ಬರಲ್ಲ ಬಿಡು," ಅಂದಳು ಇನ್ನೊಬ್ಬಳು. ನಗು ಎದ್ದು ಅಡಗಿತು. ಬೇಕಾದಾಗ ಬಿಟ್ಟುಹೋಗಬಹುದು, ಬಿಟ್ಟರೆ ಹಳೆಯ ಔಷಧಿ ಮತ್ತೆ ಸಿಗುತ್ತದೆ, ಕೆಲಸಕ್ಕೂ ತೊಂದರೆಯಿಲ್ಲ ಎಂಬ ವಾಕ್ಯವನ್ನು ಓದಿದಾಗ ಯಾರೂ ನಗಲಿಲ್ಲ. ಒಬ್ಬಳು ಮಾತ್ರ ಕೇಳಿದಳು: "ಇದು ಮೊದಲಿನಿಂದಲೂ ಅದರಲ್ಲಿ ಬರೆದಿತ್ತಾ?"

"ಬರೆದಿತ್ತು."

"ಕಪ್ಪು ಮಸೀಲಿ?"

"ಕಪ್ಪು ಮಸೀಲಿ."

"ಅಯ್ಯೋ ನಮ್ಮ ಹಣೆಬರಹವೇ," ಅಂದಳು ಅವಳು. ಆ ಧ್ವನಿಯಲ್ಲಿ ಗೋಳಿರಲಿಲ್ಲ, ಬೆಂಕಿಯಿತ್ತು.

ಓದಿ ಮುಗಿದ ಮೇಲೆ ಒಬ್ಬೊಬ್ಬಳನ್ನೂ ಕೇಳಿದಳು. ಇಸ್ತ್ರಿಯಕ್ಕನೂ ಸೇರಿ ಹತ್ತೊಂಬತ್ತು ಜನ ಬೇಡವೆಂದರು. ಹನ್ನೊಂದು ಜನ ಉಳಿಯುವೆವೆಂದರು. ಅದು ಓದಮ್ಮ ನಿರೀಕ್ಷಿಸದ ಸಂಗತಿ. ಬೆಂಚಿನ ಹಿರಿಯಳೂ ಉಳಿದವಳೇ. "ನನಗೆ ನೋವು ಕಡಿಮೆಯಾಗಿದೆ. ಔಷಧಿಯೋ ನೀರೋ, ಗೊತ್ತಿಲ್ಲ. ನನ್ನ ಮಗಳಿಗೂ ಇದೇ ಕಾಯಿಲೆ ಶುರುವಾಗಿದೆ. ಅವಳಿಗಾದರೂ ಉಪಯೋಗವಾಗ್ಲಿ. ಆದರೆ ಇಷ್ಟು ಹೇಳಿ ಕೇಳಿದ್ರೆ ಅವತ್ತೇ ಒಪ್ತಿದ್ದೆನಲ್ಲ ತಾಯಿ, ಕುರಿ ಹೊಡೆದ ಹಾಗೆ ಯಾಕೆ ಹೊಡೀಬೇಕಿತ್ತು?"

ಅದೇ ದಿನ ಓದಮ್ಮ ಎಥಿಕ್ಸ್ ಕಮಿಟಿಗೆ ಪತ್ರ ಬರೆದಳು. ಆಸ್ಪತ್ರೆಯಲ್ಲಿ ನಡೆಯುವ ಎಲ್ಲ ಅಧ್ಯಯನಗಳೂ ಆ ಸಮಿತಿಯ ಒಪ್ಪಿಗೆಯಿಂದಲೇ ನಡೆಯಬೇಕು. ಮೂವತ್ತು ಸಾಕ್ಷಿ ಸಹಿಗಳೂ ಸುಳ್ಳು, ಹಾಕಿದವಳು ನಾನು, ನಾನು ಡಾಕ್ಟರಿಗೆ ದೊಡ್ಡಮ್ಮ ಎಂದು ಮೊದಲ ಮೂರು ಸಾಲಿನಲ್ಲೇ ಬರೆದಳು.

ಸಂಜೆ ತಂಗಿಯ ಫೋನು.

"ಅಕ್ಕಾ, ಅವನ ಮೇಲೆ ದೂರು ಬರೆದಿದ್ದೀಯಂತೆ."

"ನನ್ನ ಮೇಲೆ ಬರೆದಿದ್ದೀನಿ. ಅದರಲ್ಲಿ ಅವನೂ ಇದ್ದಾನೆ."

"ಮಾತಿನಲ್ಲಿ ನಿನ್ನನ್ನ ಯಾವತ್ತು ಗೆದ್ದಿದ್ದೀನಿ! ಕರೆದು ನಾಲ್ಕು ಬೈದಿದ್ರೆ ಆಗ್ತಿರಲಿಲ್ವಾ? ಮನೆ ಮಾತು ಬೀದಿಗೆ ಯಾಕೆ ತರಬೇಕಿತ್ತು?"

"ಇದು ಮನೆ ಮಾತಲ್ಲ ಕಣೇ. ಅದನ್ನ ಮನೆ ಮಾತು ಮಾಡಿದ್ದೇ ತಪ್ಪು."

"ನಿನ್ನ ಹೊಟ್ಟೇಲಿ ಹುಟ್ಟಿದ್ರೆ ಹೀಗೆ ಮಾಡ್ತಿರಲಿಲ್ಲ ನೀನು," ಅಂದು ತಂಗಿ ಫೋನು ಇಟ್ಟಳು. ಮಕ್ಕಳಿಲ್ಲದ ಓದಮ್ಮನಿಗೆ ಆ ಮಾತು ಎಲ್ಲಿ ನೆಡುತ್ತದೆಂದು ತಂಗಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಹನ್ನೆರಡು ದಿನಗಳ ಬಳಿಕ ಸಮಿತಿ ಸೇರಿತು. ಉದ್ದನೆಯ ಮೇಜು, ಏಳು ಜನ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಓದಮ್ಮ ಇಸ್ತ್ರಿಯಕ್ಕನನ್ನೂ ಕರೆದುಕೊಂಡು ಬಂದಿದ್ದಳು. ಹಳದಿ ಮಾತ್ರೆ ಮತ್ತೆ ಶುರುವಾಗಿ ಕೈಯ ಬಾವು ಸ್ವಲ್ಪ ಇಳಿದಿತ್ತು. ಎರಡು ಬೆರಳು ಮಾತ್ರ ಇನ್ನೂ ಮಡಿಸುತ್ತಿರಲಿಲ್ಲ. ಇನ್ನು ಮಡಿಸುತ್ತವೋ ಇಲ್ಲವೋ ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ.

"ನೀವು ವಿದ್ಯಾವಂತರು," ಅಂದರು ಅಧ್ಯಕ್ಷರು ಓದಮ್ಮನಿಗೆ. "ಖಾಲಿ ಹಾಳೆಗೆ ಸಹಿ ಹಾಕಬಾರದು ಅಂತ ತಿಳೀಲಿಲ್ವಾ?"

"ತಿಳಿದಿತ್ತು. ಅವರ ಕಾಲು ನೋಯುತ್ತೆ ಅಂತ ಹಾಕಿದೆ. ಕುರ್ಚಿ ತರಿಸಬೇಕಿತ್ತು, ಸಹಿ ಹಾಕಿದೆ. ಅದಕ್ಕೆ ಏನು ಶಿಕ್ಷೆಯೋ ಬರೀರಿ."

ತಂಗಿಯ ಮಗ ಸುಳ್ಳು ಹೇಳಲಿಲ್ಲ. ಅವಸರವಾಯಿತು, ಮೇಲಿನಿಂದ ಒತ್ತಡವಿತ್ತು ಅಂದ. ನರ್ಸಿನ ತಪ್ಪು ಅನ್ನಲಿಲ್ಲ, ಅದೊಂದನ್ನು ಓದಮ್ಮ ಗಮನಿಸಿದಳು. ಆದರೆ ಇಸ್ತ್ರಿಯಕ್ಕ ಕೂತಿದ್ದ ಕಡೆಗೆ ಅವನು ಒಮ್ಮೆಯೂ ನೋಡಲಿಲ್ಲ, ಅದನ್ನೂ ಗಮನಿಸಿದಳು.

ಅಧ್ಯಕ್ಷರು ಇಸ್ತ್ರಿಯಕ್ಕನನ್ನು ಕೇಳಿದರು, "ನಿಮಗೆ ಈಗ ಏನು ಬೇಕಮ್ಮ?"

ಇಸ್ತ್ರಿಯಕ್ಕ ಎದ್ದು ನಿಂತಳು. "ನನಗೇನು ಬೇಕು ಅಂತ ಈ ಆಸ್ಪತ್ರೇಲಿ ಕೇಳಿದ್ದು ಇವತ್ತೇ ಮೊದಲು ಸ್ವಾಮಿ. ಸ್ವಲ್ಪ ಟೈಮ್ ಕೊಡಿ, ಯೋಚನೆ ಮಾಡಿ ಹೇಳ್ತೀನಿ."

ಕೊನೆಗೆ ಗುಮಾಸ್ತ ತೀರ್ಮಾನ ಓದಿದ. ಲಾಂಡ್ರಿಯವರ ಮೇಲಿನ ಅಧ್ಯಯನ ನಿಲ್ಲಬೇಕು. ಉಳಿಯುವವರನ್ನು ಹೊರಗಿನ ಸಾಕ್ಷಿಯ ಎದುರು ಹೊಸದಾಗಿ ಕೇಳಬೇಕು. ಹೊರಬಂದವರ ಚಿಕಿತ್ಸೆ ಪೂರ್ತಿ ಆಸ್ಪತ್ರೆಯದು. ಡಾಕ್ಟರು ಲಿಖಿತ ವಿವರಣೆ ಕೊಡುವ ತನಕ ಯಾವ ಅಧ್ಯಯನವನ್ನೂ ನಡೆಸಬಾರದು. ಓದಮ್ಮನ ಹೆಸರನ್ನು ಸಾಕ್ಷಿಗಳ ಪಟ್ಟಿಯಿಂದ ತೆಗೆಯಬೇಕು. ಎಲ್ಲವೂ ಸರಿಯಾಗಿತ್ತು. ಮೊದಲ ವಾಕ್ಯ ಮಾತ್ರ ಹೀಗಿತ್ತು: 'ಒಪ್ಪಿಗೆ ಪಡೆಯುವ ಪ್ರಕ್ರಿಯೆಯಲ್ಲಿ ಸಣ್ಣ ಲೋಪ ಕಂಡುಬಂದಿದೆ.'

"ಆ 'ಸಣ್ಣ' ತೆಗೀರಿ," ಅಂದಳು ಓದಮ್ಮ.

"ಅದು ಬರೆಯೋ ರೂಢಿ ಅಷ್ಟೇ ಮೇಡಂ," ಅಂದ ಗುಮಾಸ್ತ.

"ರೂಢಿ!" ಓದಮ್ಮ ಎದ್ದಳು. ಗ್ರಂಥಾಲಯದಲ್ಲಿ ಮೂವತ್ತನಾಲ್ಕು ವರ್ಷ ಪಿಸುಮಾತಿನಲ್ಲೇ ಬದುಕಿದವಳ ಧ್ವನಿ ಕಿಟಕಿಯ ಗಾಜಿಗೆ ಬಡಿಯಿತು. "ಪಟ್ಟಿ ಓದೋದು ರೂಢಿ. ಮಷೀನಿನ ಸದ್ದಲ್ಲಿ ಹೆಬ್ಬೆಟ್ಟು ಒತ್ತಿಸೋದು ರೂಢಿ. ನೆಂಟರನ್ನ ಸಾಕ್ಷಿ ಹಾಕೋದು ರೂಢಿ. ನನ್ನ ಹಾಗೆ ಪಾಪ ಅಂತ ಸಹಿ ಮಾಡೋದೂ ರೂಢಿ. ಈಕೆ ಆರು ವಾರ ತಲೆ ಬಾಚಿಕೊಳ್ಳೋಕಾಗದೆ ಕೂತಿದ್ಲು. ಬನ್ನಿ, ಈ ಎರಡು ಬೆರಳು ಹಿಡಿದು ನೋಡಿ. ನೋಡಿದ ಮೇಲೂ 'ಸಣ್ಣ' ಅಂತ ಬರೆಯೋ ಧೈರ್ಯ ಇದ್ರೆ ಬರೀರಿ."

ಯಾರೂ ಏಳಲಿಲ್ಲ. ಮೇಜಿನ ತುದಿಯಲ್ಲಿದ್ದ ಒಬ್ಬ ಹೆಂಗಸು, ಅಷ್ಟು ಹೊತ್ತೂ ಮಾತಾಡದವಳು, "ಆ ಪದ ತೆಗೀರಿ," ಅಂದಳು. ಅಧ್ಯಕ್ಷರು ತಲೆಯಾಡಿಸಿದರು. ಗುಮಾಸ್ತ ತೆಗೆದ.

ಹೊರಗೆ ಬರುವಾಗ ಎರಡು ಗಂಟೆ ದಾಟಿತ್ತು. ಇಸ್ತ್ರಿಯಕ್ಕ ಪಾಳಿಗೆ ತಡವಾಯಿತೆಂದು ಓಡಿದಳು. ಓದಮ್ಮ ಕಾರಿಡಾರಿನ ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕೂತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಕಾರಿಡಾರಿನ ಕೊನೆಯಲ್ಲಿ ತಂಗಿ ನಿಂತಿದ್ದಳು. ಮಗನಿಗೆಂದು ಊಟದ ಡಬ್ಬಿ ತಂದಿದ್ದಳು. ಅವನು ಬಾಗಿಲಿನಿಂದ ಹೊರಬಂದು, ಅಮ್ಮನ ಕೈಯಲ್ಲಿದ್ದ ಡಬ್ಬಿ ನೋಡಿ, "ಹಸಿವಿಲ್ಲಮ್ಮ" ಅಂದು, ದೊಡ್ಡಮ್ಮನ ಮುಂದೆಯೇ ತಲೆ ಎತ್ತದೆ ಹಾದುಹೋದ. ಅವನ ಬೂಟಿನ ಸದ್ದು ಮೆಟ್ಟಿಲು ಇಳಿಯುವ ತನಕ ಅಕ್ಕ ತಂಗಿ ಇಬ್ಬರೂ ಕೇಳಿದರು.

ತಂಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಬಂದು ಕೂತಳು. ಎದುರಿನ ಗೋಡೆ ನೋಡುತ್ತಿದ್ದಳು. ಅತ್ತಿದ್ದಳೆಂದು ಮೂಗಿನ ತುದಿಯಿಂದ ತಿಳಿಯುತ್ತಿತ್ತು.

"ಬೆಳಿಗ್ಗೆಯಿಂದ ಒಳಗೇ ಇದ್ಯಂತೆ," ಅಂದಳು ಗೋಡೆಗೆ.

ತಂಗಿ ಡಬ್ಬಿಯ ಮುಚ್ಚಳ ತೆರೆದಳು. ಚಮಚವನ್ನು ಕರವಸ್ತ್ರದಿಂದ ಒರೆಸಿ ಅದರೊಳಗಿಟ್ಟು, ಪಕ್ಕಕ್ಕೆ ತಿರುಗದೆಯೇ, ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟಳು.